ಸಂಸ್ಥೆಗೆ ಯಾರ ರೊಕ್ಕ? ಯಾವ ಕೆಲಸಕ್ಕೆ ಯಾವ ಬಾಗಿಲು ತಟ್ಟಬೇಕು

2025ರ ಯುಗಾದಿ ಇನ್ನೂ ಎಂಟು ದಿನ ಇರುವಾಗ ಗದಗ ಜಿಲ್ಲೆಯ ಒಂದು ಸಣ್ಣ ಸಂಸ್ಥೆಯ ಕಾರ್ಯದರ್ಶಿ ಧಾರವಾಡಕ್ಕೆ, ನಮ್ಮ ಮನೆಗೆ ಬಂದಿದ್ದರು. ಕೈಯಲ್ಲಿ ಒಂದು ಈ-ಮೇಲಿನ ಪ್ರಿಂಟು. "ಕೆಲಸ ನಿಂದರಸ್ರಿ ಅಂತ ಬರದಾರ. ಏಳು ಮಂದಿ ಪಗಾರ ಇದರಾಗ ಅದ ರೀ. ಇನ್ನ ಯಾರನ್ನ ಕೇಳೋಣು?" ಅಂದರು.

ಅವರಿಗೆ ಹಣ ಕಳಿಸುತ್ತಿದ್ದದ್ದು ಅಮೆರಿಕದ ಒಂದು ಸೇವಾಸಂಸ್ಥೆ. ಆ ಸೇವಾಸಂಸ್ಥೆಗೆ ಬರುತ್ತಿದ್ದದ್ದು ಯುಎಸ್‌ಏಡ್‌ನಿಂದ, ಅಂದರೆ ಹೊರದೇಶಗಳಿಗೆ ನೆರವು ಕೊಡುವ ಅಲ್ಲಿನ ಸರಕಾರದ ಸಂಸ್ಥೆಯಿಂದ. ಅವರ ಲೆಕ್ಕ ಬರೆಯುತ್ತಿದ್ದ ನನಗೂ ಇದು ಕಾಗದದ ಮೇಲೆ ಗೊತ್ತಿತ್ತು, ತಲೆಗೆ ಇಳಿದಿರಲಿಲ್ಲ. ನಾನು ಸಿ.ಎ. ಅಲ್ಲ, ಹುಬ್ಬಳ್ಳಿ-ಧಾರವಾಡ, ಗದಗ, ಹಾವೇರಿ ಕಡೆಯ ಸಂಸ್ಥೆಗಳ ಲೆಕ್ಕ ಬರೆದು ಆಡಿಟರ ಮುಂದಿಡುವವನು. "ಯಾರನ್ನ ಕೇಳೋಣು" ಎನ್ನುವ ಪ್ರಶ್ನೆ ನನಗೆ ವರ್ಷಕ್ಕೆ ಹತ್ತು ಸಲ ಬರುತ್ತದೆ. ನಾನು ತಿರುಗಿ ಕೇಳುವುದು, "ಯಾವ ಕೆಲಸಕ್ಕ?" ಕಟ್ಟಡಕ್ಕೆ ಒಪ್ಪುವ ದುಡ್ಡು ಪಗಾರಕ್ಕೆ ಒಪ್ಪುವುದಿಲ್ಲ. ನೆರೆ ಬಂದ ವಾರ ಬೇಕಾಗುವ ದುಡ್ಡು ಈ ಎರಡೂ ಅಲ್ಲ. ಹೀಗೆ ಕೇಳಿದ ಮೇಲೆಯೇ ಬಾಗಿಲುಗಳ ಹೋಲಿಕೆಗೆ ಅರ್ಥ ಬರುತ್ತದೆ.

ಹೊರದೇಶದ ಸರಕಾರದ ದೊಡ್ಡ ಹಣ

ಶ್ರೀಮಂತ ದೇಶಗಳು ತಮ್ಮ ರಾಷ್ಟ್ರೀಯ ಆದಾಯದ ಶೇ. 0.7ರಷ್ಟನ್ನು ಬಡ ದೇಶಗಳ ಅಭಿವೃದ್ಧಿಗೆ ಕೊಡಬೇಕು ಎಂದು ವಿಶ್ವಸಂಸ್ಥೆ 1970ರಲ್ಲಿ ಗುರಿ ಹಾಕಿತು. ಅರ್ಧ ಶತಮಾನ ಕಳೆದರೂ ಅದನ್ನು ಮುಟ್ಟಿದವರು ಬೆರಳೆಣಿಕೆಯಷ್ಟು: 2024ರಲ್ಲಿ ನಾರ್ವೆ, ಸ್ವೀಡನ್, ಡೆನ್ಮಾರ್ಕ್, ಲಕ್ಸೆಂಬರ್ಗ್. ಆ ವರ್ಷ ದಾನಿ ದೇಶಗಳೆಲ್ಲ ಸೇರಿ ಕೊಟ್ಟದ್ದು ಸುಮಾರು 212 ಬಿಲಿಯನ್ ಡಾಲರ್, ಅವರ ಒಟ್ಟು ಆದಾಯದ ಶೇ. 0.33. ಹಿಂದಿನ ವರ್ಷಕ್ಕಿಂತ ಶೇ. 7ರಷ್ಟು ಕಡಿಮೆ. ಇದರಲ್ಲಿ ಇನ್ನೊಂದು ಗುಟ್ಟಿದೆ. ತಮ್ಮದೇ ನೆಲಕ್ಕೆ ಬಂದ ನಿರಾಶ್ರಿತರಿಗೆ ಮೊದಲ ವರ್ಷ ಮಾಡುವ ಖರ್ಚನ್ನೂ ದಾನಿ ದೇಶಗಳು "ನೆರವು" ಎಂದು ಲೆಕ್ಕಕ್ಕೆ ಹಿಡಿಯಬಹುದು. ಅಂದರೆ ಬರ್ಲಿನ್ನಿನಲ್ಲಿ ಖರ್ಚಾದ ದುಡ್ಡೂ ಅಂಕಿಯಲ್ಲಿ ಹೊರದೇಶದ ನೆರವೇ.

ಕಡಿತ ಹೇಗೆ ಬರುತ್ತದೆ ನೋಡಿ. 2025ರ ಜನವರಿ 20ರಂದು ಅಮೆರಿಕದ ಹೊಸ ಅಧ್ಯಕ್ಷರು ವಿದೇಶಿ ನೆರವನ್ನು 90 ದಿನ ತಡೆಹಿಡಿಯುವ ಆದೇಶಕ್ಕೆ ಸಹಿ ಹಾಕಿದರು. ಮಾರ್ಚ್ 10ಕ್ಕೆ ಯುಎಸ್‌ಏಡ್‌ನ ಶೇ. 83ರಷ್ಟು ಕಾರ್ಯಕ್ರಮ ರದ್ದಾದ ಘೋಷಣೆ ಬಂತು. ಜುಲೈ 1ಕ್ಕೆ, 1961ರಲ್ಲಿ ಕೆನಡಿ ಕಾಲದಲ್ಲಿ ಹುಟ್ಟಿದ ಆ ಸಂಸ್ಥೆಯೇ ಮುಚ್ಚಿ, ಉಳಿದ ಕೆಲಸ ಅಲ್ಲಿನ ವಿದೇಶಾಂಗ ಇಲಾಖೆಗೆ ಹೋಯಿತು. ಬ್ರಿಟನ್ ಇನ್ನೂ ಸ್ವಾರಸ್ಯ. 0.7ನ್ನು 2015ರಲ್ಲಿ ಕಾನೂನೇ ಮಾಡಿತ್ತು. 2021ರಲ್ಲಿ 0.5ಕ್ಕೆ ಇಳಿಸಿತು. 2025ರ ಫೆಬ್ರುವರಿಯಲ್ಲಿ, ಸೇನೆಯ ಖರ್ಚು ಹೆಚ್ಚಿಸಲು 2027ಕ್ಕೆ 0.3ಕ್ಕೆ ತರುವುದಾಗಿ ಪ್ರಧಾನಿಯೇ ಹೇಳಿದರು. ಕಾನೂನು ಇದ್ದಲ್ಲೇ ಈ ಗತಿ. ಮೂರು ವರ್ಷದ ಒಪ್ಪಂದಪತ್ರದ ಮೇಲೆ ಶಿರಹಟ್ಟಿ ತಾಲೂಕಿನ ಒಂದು ಮನೆಯ ಬಾಡಿಗೆ, ಮಕ್ಕಳ ಫೀ ನಿಂತಿರುವುದನ್ನು ಆ ಸಹಿಗಳಲ್ಲಿ ಯಾವುದೂ ಕೇಳುವುದಿಲ್ಲ.

ಇದು ಹೊಸ ಕಥೆಯೂ ಅಲ್ಲ. ನಮ್ಮ ಹಿರಿಯರು ಶಾಲೆಯಲ್ಲಿ ಅಮೆರಿಕದ ಹಾಲಿನ ಪುಡಿ ಕುಡಿದವರು, ಗೋಧಿ ನುಚ್ಚಿನ ಉಪ್ಪಿಟ್ಟು ತಿಂದವರು. 1954ರ ಪಿಎಲ್-480 ಎಂಬ ಕಾಯ್ದೆಯಡಿ ಬರುತ್ತಿದ್ದ ಆ ಗೋಧಿಯನ್ನು 1965-66ರ ಬರಗಾಲದಲ್ಲಿ ಅಧ್ಯಕ್ಷ ಜಾನ್ಸನ್ ತಿಂಗಳು ತಿಂಗಳಿಗೆ ಅಳೆದು ಅಳೆದು ಬಿಟ್ಟರು. ಭಾರತದ ಕೃಷಿನೀತಿಯೂ ವಿಯೆಟ್ನಾಂ ಕುರಿತ ಮಾತುಗಳೂ ಆ ಅಳತೆಯಲ್ಲಿ ಸೇರಿದ್ದವು. ಹೊಲದ ಬದುವಿನ ಕಾಂಗ್ರೆಸ್ ಕಸ ಆ ಗೋಧಿಯ ಜೊತೆಗೇ ಬಂತು ಎಂಬುದು ಊರ ಮಾತು. ಅದು ಎಷ್ಟು ನಿಜವೋ, ಕಿತ್ತರೂ ಹೋಗುವುದಿಲ್ಲ ಎಂಬುದಂತೂ ನಿಜ. ಇನ್ನೂ ಹಿಂದೆ ಹೋದರೆ 1837ರಲ್ಲಿ ಧಾರವಾಡಕ್ಕೆ ಬಂದ ಬಾಸೆಲ್ ಮಿಶನ್ ಎಂಬ ಕ್ರೈಸ್ತ ಸಂಸ್ಥೆಯವರು ಇದ್ದಾರೆ. ಅವರದು ಸರಕಾರದ ಹಣವಲ್ಲ, ಚರ್ಚಿನ ಭಕ್ತರ ಹಣ. ಆದರೂ 1914ರಲ್ಲಿ ಯುರೋಪಿನಲ್ಲಿ ಯುದ್ಧ ಶುರುವಾದಾಗ ಇಲ್ಲಿದ್ದ ಜರ್ಮನ್ ಪಾದ್ರಿಗಳು ಶತ್ರುದೇಶದವರಾಗಿ ಬಂಧನಕ್ಕೊಳಗಾದರು. ದೂರದ ಜಗಳಕ್ಕೆ ಇಲ್ಲಿಯ ಶಾಲೆ ಬೆಲೆ ಕೊಡುವುದು ನಮ್ಮ ಕಡೆಗೆ ಹಳೆಯ ಅನುಭವ.

ಇನ್ನು ಭಾರತದ ಕಡೆಯಿಂದಲೂ ಈ ಬಾಗಿಲು ಕಿರಿದಾಗುತ್ತ ಬಂದಿದೆ. 2003ರಲ್ಲಿ ದೆಹಲಿ, ಕೆಲವೇ ದೊಡ್ಡ ದಾನಿಗಳಿಂದ ಮಾತ್ರ ಸರಕಾರದಿಂದ ಸರಕಾರಕ್ಕೆ ನೆರವು ಪಡೆಯುತ್ತೇವೆ, ಉಳಿದವರು ಬೇಕಿದ್ದರೆ ಸ್ವಯಂಸೇವಾ ಸಂಸ್ಥೆಗಳ ಮೂಲಕ ಕೊಡಲಿ ಎಂದಿತು. ಬ್ರಿಟನ್ 2015ಕ್ಕೆ ಭಾರತಕ್ಕೆ ಹಣಕಾಸಿನ ಅನುದಾನ ಮುಗಿಸಿತು. ಯುಎಸ್‌ಏಡ್ ಮುಚ್ಚುವ ಹೊತ್ತಿಗೆ ಕೇಂದ್ರ ಸರಕಾರದ ಜೊತೆ ನಡೆಯುತ್ತಿದ್ದದ್ದು ಏಳು ಯೋಜನೆ, ಒಟ್ಟು ಸುಮಾರು 75 ಕೋಟಿ ಡಾಲರಿನದು. ದೇಶದ ಗಾತ್ರಕ್ಕೆ ಅದು ಏನೂ ಅಲ್ಲ. ಏಳು ಮಂದಿಯ ಸಂಸ್ಥೆಗೆ ಅದೇ ಎಲ್ಲ.

ನನ್ನ ತೀರ್ಮಾನ: ಈ ಹಣ ಸಿಕ್ಕರೆ ಬೇಡ ಅನ್ನಬೇಡಿ. ಆದರೆ ಶುರುವಾಗಿ ಮುಗಿದುಹೋಗುವ ಕೆಲಸಕ್ಕೆ ಹಾಕಿ: ಒಂದು ಸಮೀಕ್ಷೆ, ಒಂದು ತರಬೇತಿ ಪಠ್ಯ, ಹೊಸದೊಂದನ್ನು ಮಾಡಿನೋಡುವ ಪ್ರಯೋಗ. ತಿಂಗಳ ಪಗಾರವನ್ನು ಅದರ ಗೂಟಕ್ಕೆ ಕಟ್ಟಬೇಡಿ.

ಎಫ್‌ಸಿಆರ್‌ಎ ಎಂಬ ಹೊಸ್ತಿಲು

ಹೊರಗಿನ ಹೆಚ್ಚುಕಡಿಮೆ ಎಲ್ಲ ಹಣಕ್ಕೂ ಮೊದಲು ದಾಟಬೇಕಾದದ್ದು 2010ರ ವಿದೇಶಿ ವಂತಿಗೆ ನಿಯಂತ್ರಣ ಕಾಯ್ದೆ, ಚಿಕ್ಕದಾಗಿ ಎಫ್‌ಸಿಆರ್‌ಎ. 2020ರ ತಿದ್ದುಪಡಿಯ ಮೇಲೆ ಅದು ಬಹಳ ಬಿಗಿಯಾಗಿದೆ. ಇಲ್ಲಿ ಸ್ವಲ್ಪ ನಿಧಾನ ಓದಿ, ಏಕೆಂದರೆ ನಮ್ಮ ಕಡೆಯ ಸಂಸ್ಥೆಗಳು ಎಡವುವುದು ಇಲ್ಲೇ.

ನೋಂದಣಿ ಬೇಕಾದರೆ ಸಂಸ್ಥೆಗೆ ಕನಿಷ್ಠ ಮೂರು ವರ್ಷ ಆಗಿರಬೇಕು, ಆ ಮೂರು ವರ್ಷದಲ್ಲಿ ತನ್ನ ಮೂಲ ಕೆಲಸಕ್ಕೆ 15 ಲಕ್ಷ ರೂಪಾಯಿ ಖರ್ಚು ಮಾಡಿರಬೇಕು. ಪದಾಧಿಕಾರಿಗಳ ಆಧಾರ್ ಇಲ್ಲವೆ ಪಾಸ್‌ಪೋರ್ಟ್ ಕೊಡಬೇಕು. ಹಣ ಬೀಳುವ ಖಾತೆ ಹೊಸದಿಲ್ಲಿಯ ಸ್ಟೇಟ್ ಬ್ಯಾಂಕ್ ಮುಖ್ಯ ಶಾಖೆಯಲ್ಲೇ ಇರಬೇಕು. ಹೆದರಬೇಡಿ, ಅದಕ್ಕೆ ದಿಲ್ಲಿಗೆ ಹೋಗಬೇಕಿಲ್ಲ. ಹತ್ತಿರದ ಎಸ್‌ಬಿಐ ಶಾಖೆಯಲ್ಲೇ ಕಾಗದ ಕೊಟ್ಟು ತೆರೆಯಬಹುದು. ಅಲ್ಲಿಂದ ನಿಮ್ಮ ಊರಿನ ಬ್ಯಾಂಕಿಗೆ ಹಣ ತಂದುಕೊಳ್ಳಬಹುದು. ನೋಂದಣಿಗೆ ಆಯುಷ್ಯ ಐದು ವರ್ಷ. ನವೀಕರಣದ ಅರ್ಜಿಯನ್ನು ಕೊನೆಯ ತಿಂಗಳಿಗೆ ಬಿಟ್ಟರೆ, ಅನುಮತಿ ಬರುವವರೆಗೆ ಖಾತೆಯಲ್ಲಿ ಹಣ ಇದ್ದೂ ಮುಟ್ಟಲು ಬಾರದ ಪರಿಸ್ಥಿತಿ ಆಗುತ್ತದೆ. ಅಂಥ ಒಂದು ಸಂಸ್ಥೆಯಲ್ಲಿ ಅಡುಗೆ ಮಾಡುವ ಅಕ್ಕನೇ ತನ್ನ ಚೀಟಿ ದುಡ್ಡು ಕೊಟ್ಟು ಮಕ್ಕಳ ಹಾಸ್ಟೆಲಿಗೆ ಜೋಳ ತರಿಸಿದ್ದನ್ನು ನಾನು ನೋಡಿದ್ದೇನೆ.

ದೊಡ್ಡ ಪೆಟ್ಟು ಬಿದ್ದದ್ದು ಬೇರೆ ನಿಯಮದಿಂದ. ಮೊದಲು ಬೆಂಗಳೂರಿನ ಅಥವಾ ದಿಲ್ಲಿಯ ದೊಡ್ಡ ಸಂಸ್ಥೆ ಹೊರದೇಶದ ಹಣ ತಂದು, ಹಳ್ಳಿಯ ಸಣ್ಣ ಸಂಸ್ಥೆಗಳಿಗೆ ಹಂಚುತ್ತಿತ್ತು. ಇಂಗ್ಲಿಷಿನಲ್ಲಿ ಪ್ರಪೋಸಲ್ ಬರೆಯುವ ಕಷ್ಟ ಅವರದು, ಹೊಲದಲ್ಲಿ ನಡೆದಾಡುವ ಕಷ್ಟ ನಮ್ಮವರದು. 2020ರಿಂದ ಆ ಹಂಚಿಕೆಗೆ ಪೂರ್ಣ ನಿಷೇಧ. ಪಡೆದವರೇ ಖರ್ಚು ಮಾಡಬೇಕು. ಯಾರಾದರೂ "ನಮ್ಮ ಎಫ್‌ಸಿಆರ್‌ಎ ಅದ, ನಿಮಗ ಒಂದಿಷ್ಟು ಕಳಸ್ತೇವಿ" ಅಂದರೆ ಕೈ ಮುಗಿದು ಬಿಡಿ. ಇಬ್ಬರದೂ ನೋಂದಣಿ ಹೋಗುವ ದಾರಿ ಅದು. ದೇಶದಲ್ಲಿ ಈವರೆಗೆ 20 ಸಾವಿರಕ್ಕೂ ಹೆಚ್ಚು ನೋಂದಣಿ ರದ್ದಾಗಿವೆ. ಅದರಲ್ಲಿ ಬಹಳಷ್ಟು, ರಿಟರ್ನ್ ತುಂಬದೆ ಹೋದಂಥ ಸಾದಾ ತಪ್ಪಿಗೆ.

ಆಡಳಿತದ ಖರ್ಚು ಮೊದಲು ಅರ್ಧದವರೆಗೆ ಹೋಗಬಹುದಿತ್ತು, ಈಗ ಶೇ. 20. ಇದನ್ನು ಕೇಳಿ ಎಲ್ಲರೂ ಗಾಬರಿಯಾಗುತ್ತಾರೆ. ಆದರೆ ಶಾಲೆಯ ಮಾಸ್ತರರ, ದವಾಖಾನೆಯ ಡಾಕ್ಟರರ, ತರಬೇತಿ ಕೊಡುವವರ ಪಗಾರ ಆ 20ರಲ್ಲಿ ಬರುವುದಿಲ್ಲ. ಬರುವುದು ಆಫೀಸು ಬಾಡಿಗೆ, ಕಾರ್ಯದರ್ಶಿಯ ಮತ್ತು ಲೆಕ್ಕದವನ ಪಗಾರ, ಆಡಿಟ್ ಫೀ. ಬಜೆಟ್ ಬರೆಯುವಾಗಲೇ ಹುದ್ದೆಯ ಹೆಸರು ಕೆಲಸಕ್ಕೆ ತಕ್ಕಂತೆ ಇಡಿ. ಊರೂರು ತಿರುಗಿ ಹೆಣ್ಣುಮಕ್ಕಳಿಗೆ ತರಬೇತಿ ಕೊಡುವವಳನ್ನು "ಆಫೀಸ್ ಅಸಿಸ್ಟಂಟ್" ಎಂದು ತೋರಿಸಿದರೆ ತಪ್ಪು ನಿಮ್ಮದೇ.

ನೋಂದಣಿ ಇಲ್ಲದವರಿಗೆ ಪೂರ್ವಾನುಮತಿಯ ದಾರಿ ಇದೆ: ಒಬ್ಬ ದಾನಿ, ಒಂದು ಕೆಲಸ, ಒಂದು ಮೊತ್ತ. ದಾನಿಯ ಬದ್ಧತಾ ಪತ್ರ ಹಚ್ಚಿ ಅರ್ಜಿ ಹಾಕಬೇಕು. ಒಂದೇ ಕಟ್ಟಡ ಬೇಕಿರುವ ಸಂಸ್ಥೆಗೆ ಪೂರ್ತಿ ನೋಂದಣಿಗಿಂತ ಇದೇ ಹಗುರ.

ರಾಯಭಾರ ಕಚೇರಿಯ ಸಣ್ಣ ಅನುದಾನ

ನಮ್ಮ ಕಡೆ ಹೆಚ್ಚು ಜನಕ್ಕೆ ಗೊತ್ತಿಲ್ಲದ, ನನಗೆ ಇಷ್ಟವಾದ ಬಾಗಿಲು ಇದು. ಜಪಾನ್ ಸರಕಾರ 1989ರಿಂದ ತಳಮಟ್ಟದ ಕೆಲಸಗಳಿಗೆ ತನ್ನ ರಾಯಭಾರ ಕಚೇರಿಗಳ ಮೂಲಕ ನೇರ ಅನುದಾನ ಕೊಡುತ್ತ ಬಂದಿದೆ. ನಮಗೆ ಹತ್ತಿರದ್ದು ಬೆಂಗಳೂರಿನ ಕಾನ್ಸುಲೇಟ್. ಆಸ್ಟ್ರೇಲಿಯಾದ್ದೂ ಇಂಥದೊಂದು ಸಣ್ಣ ಅನುದಾನ ಇದೆ, ಅವರೂ 2023ರಲ್ಲಿ ಬೆಂಗಳೂರಿನಲ್ಲಿ ಕಾನ್ಸುಲೇಟ್ ತೆರೆದರು.

ಜಪಾನಿನವರು ಕೊಡುವುದು ಕಣ್ಣಿಗೆ ಕಾಣುವ ವಸ್ತುವಿಗೆ: ಶಾಲಾ ಕೊಠಡಿ, ದವಾಖಾನೆಯ ಯಂತ್ರ, ತರಬೇತಿ ಕೇಂದ್ರ, ನೀರಿನ ವ್ಯವಸ್ಥೆ. ಪಗಾರಕ್ಕೆ, ಕರೆಂಟ್ ಬಿಲ್ಲಿಗೆ, ದಿನದ ಖರ್ಚಿಗೆ ಒಂದು ಪೈಸೆ ಇಲ್ಲ. ಬೇರೆ ಬೇರೆ ಗುತ್ತಿಗೆದಾರರ ದರಪಟ್ಟಿ ಕೇಳುತ್ತಾರೆ, ಅಧಿಕಾರಿ ಬಂದು ಜಾಗ ನೋಡುತ್ತಾರೆ, ಮುಗಿದ ಮೇಲೆ ಮತ್ತೆ ಬಂದು ನೋಡುತ್ತಾರೆ. ಅವರು ತಿರುಗಿಸಿ ತಿರುಗಿಸಿ ಕೇಳುವ ಪ್ರಶ್ನೆ ಒಂದೇ: "ಕಟ್ಟಿದ ಮೇಲೆ ಇದನ್ನು ನಡೆಸುವವರು ಯಾರು, ಯಾವ ಹಣದಿಂದ?" ಅದಕ್ಕೆ ಉತ್ತರ ಇಲ್ಲದಿದ್ದರೆ ಅರ್ಜಿ ಅಲ್ಲಿಗೇ ಮುಗಿಯಿತು. ಈ ಪ್ರಶ್ನೆಯನ್ನು ನಾವು ನಮಗೇ ಕೇಳಿಕೊಂಡಿದ್ದರೆ ನಮ್ಮ ಮೂರು ಜಿಲ್ಲೆಯಲ್ಲಿ ಬೀಗ ಬಿದ್ದ ಸಮುದಾಯ ಭವನಗಳು ಇಷ್ಟಿರುತ್ತಿರಲಿಲ್ಲ.

ಇದೂ ಹೊರದೇಶದ ಸರಕಾರದ ಹಣವೇ, ಎಫ್‌ಸಿಆರ್‌ಎ ಬೇಕೇ ಬೇಕು. ವ್ಯತ್ಯಾಸ ಇಷ್ಟು: ಅರ್ಧಕ್ಕೆ ನಿಂತರೆ ಅರ್ಧ ಗೋಡೆ ನಿಲ್ಲುತ್ತದೆ, ಸಂಸ್ಥೆ ಬೀಳುವುದಿಲ್ಲ. ಹಾವೇರಿ ಕಡೆಯ ಶಾಲೆಗೆ ಹೆಣ್ಣುಮಕ್ಕಳ ಶೌಚಾಲಯ, ರೋಣದ ಕಡೆಯ ದವಾಖಾನೆಗೆ ಯಂತ್ರ ಬೇಕಿದ್ದರೆ ನಾನು ಮೊದಲು ತಟ್ಟುವುದು ಇದನ್ನೇ.

ವಿಶ್ವಬ್ಯಾಂಕು ನಿಮಗೆ ದಾನಿಯಲ್ಲ

ಹುಬ್ಬಳ್ಳಿ-ಧಾರವಾಡದವರು ವಿಶ್ವಬ್ಯಾಂಕಿನ ಹೆಸರನ್ನು ಕೇಳದವರಿಲ್ಲ. ಎರಡು ಸಾವಿರದ ದಶಕದಲ್ಲಿ ಕೆಲವು ವಾರ್ಡುಗಳಿಗೆ ದಿನವಿಡೀ ನೀರು ಬಂದದ್ದು ಅದರ ಸಾಲದ ಯೋಜನೆಯಿಂದ. ಉಳಿದ ವಾರ್ಡಿನವರು ವಾರಕ್ಕೊಮ್ಮೆ ಬರುವ ನಲ್ಲಿಯ ಮುಂದೆ ಕೊಡ ಸಾಲಿಗಿಟ್ಟು ಆ ವಾರ್ಡುಗಳನ್ನು ಬೈದದ್ದೂ ನೆನಪಿದೆ. ಎರಡು ಊರಿನ ನಡುವೆ ಓಡುವ ಚಿಗರಿ ಬಸ್ಸಿನ ದಾರಿಗೂ ಅದೇ ಬ್ಯಾಂಕಿನ ನೆರವಿದೆ. ಹಳ್ಳಿಯ ಕಡೆ 2001ರಿಂದ 2009ರವರೆಗೆ ನಡೆದ ಸುಜಲ ಜಲಾನಯನ ಯೋಜನೆಯ ಐದು ಜಿಲ್ಲೆಗಳಲ್ಲಿ ಧಾರವಾಡ, ಹಾವೇರಿ ಎರಡೂ ಇದ್ದವು. ಆಮೇಲಿನ ಹಂತದಲ್ಲಿ ಗದಗ ಸೇರಿತು.

ಆದರೆ ಇದು ದಾನವಲ್ಲ, ಸಾಲ. ಬಡ ದೇಶಗಳಿಗೆ ಬಡ್ಡಿ ಇಲ್ಲದೆ ಇಲ್ಲವೆ ತೀರ ಕಡಿಮೆ ಬಡ್ಡಿಗೆ ಕೊಡುವ ವಿಶ್ವಬ್ಯಾಂಕಿನ ಕಿಟಕಿಯಿಂದ ಭಾರತ 2014ರಲ್ಲೇ ಹೊರಬಂದಿದೆ. ಈಗ ಸಿಗುವುದು ಹೆಚ್ಚು ಬಡ್ಡಿಯ ಸಾಲ. ಕೇಂದ್ರ ಸರಕಾರ ಸಾಲ ಎತ್ತಿ, ಅದೇ ಷರತ್ತಿನಲ್ಲಿ ರಾಜ್ಯಕ್ಕೆ ದಾಟಿಸುತ್ತದೆ. ಡಾಲರ್ ಏರಿದರೆ ಆ ಭಾರವೂ ರಾಜ್ಯದ್ದೇ. ಕೊನೆಗೆ ತೀರಿಸುವುದು ನಮ್ಮ ನಿಮ್ಮ ತೆರಿಗೆ.

ಸಣ್ಣ ಸಂಸ್ಥೆಗೆ ಇದರಲ್ಲಿ ಏನಿದೆ? ಎರಡು ವಿಷಯ ಇದೆ. ವಿಶ್ವಸಂಸ್ಥೆ, ವಿಶ್ವಬ್ಯಾಂಕು, ಐಎಂಎಫ್ (ಅಂತರರಾಷ್ಟ್ರೀಯ ಹಣಕಾಸು ನಿಧಿ) ಇವು ಎಫ್‌ಸಿಆರ್‌ಎ ಪ್ರಕಾರ "ವಿದೇಶಿ ಮೂಲ" ಅಲ್ಲ. ಕಾಯ್ದೆಯಲ್ಲೇ ಹಾಗೆ ಬರೆದಿದೆ. ಆದ್ದರಿಂದ ನೋಂದಣಿ ಇಲ್ಲದ ಸಂಸ್ಥೆಯೂ ಈ ಯೋಜನೆಗಳಲ್ಲಿ ಕೆಲಸ ಮಾಡಬಹುದು. ಇನ್ನೊಂದು, ಇಲ್ಲಿ ನೀವು ಅನುದಾನ ಪಡೆಯುವವರಲ್ಲ, ಸೇವೆ ಮಾರುವವರು. ಸುಜಲದಲ್ಲಿ ಸ್ಥಳೀಯ ಸಂಸ್ಥೆಗಳು ಹಳ್ಳಿಯ ಜಲಾನಯನ ಸಂಘ ಕಟ್ಟಿದವು, ರೈತರನ್ನು ಕೂಡಿಸಿ ಬದು, ಕೃಷಿಹೊಂಡ ಎಲ್ಲಿ ಎಂದು ನಕ್ಷೆ ಹಾಕಿದವು. ಅದಕ್ಕೆ ಇಲಾಖೆ ಕಂತಿನಲ್ಲಿ ಹಣ ಕೊಟ್ಟಿತು. ಟೆಂಡರ್ ಬರುತ್ತದೆ, ಠೇವಣಿ ಇಡಬೇಕು, ಕೆಲಸ ತೋರಿಸಿ ಬಿಲ್ ಹಾಕಬೇಕು, ಬಿಲ್ ಪಾಸಾಗುವವರೆಗೆ ಕೈಯಿಂದ ಪಗಾರ ಕೊಡಬೇಕು. ಮೂರು-ನಾಲ್ಕು ತಿಂಗಳ ಪಗಾರ ಕೈಯಲ್ಲಿ ಇಲ್ಲದ ಸಂಸ್ಥೆ ಇದಕ್ಕೆ ಕೈ ಹಾಕಬಾರದು. ಇದ್ದವರಿಗೆ ಮಾತ್ರ ಇದು ಹೊರಗಿನ ಹಣದಲ್ಲೇ ಭದ್ರವಾದದ್ದು, ಏಕೆಂದರೆ ಒಮ್ಮೆ ಸಹಿಯಾದ ಸಾಲ ಚುನಾವಣೆಗೆ ಸುಲಭವಾಗಿ ಅಲ್ಲಾಡುವುದಿಲ್ಲ.

ಯುನಿಸೆಫ್‌ನಂಥ ವಿಶ್ವಸಂಸ್ಥೆಯ ಅಂಗಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. ಕರ್ನಾಟಕದ ಕೆಲಸ ನೋಡುವ ಅವರ ಕಚೇರಿ ಹೈದರಾಬಾದಿನಲ್ಲಿದೆ. ಕೊಡುವುದು ಹೆಚ್ಚಾಗಿ ಸರಕಾರದ ಇಲಾಖೆಗಳ ಜೊತೆ ತಾಂತ್ರಿಕ ನೆರವು. ಅವರ ಬೊಕ್ಕಸ ತುಂಬುವುದೂ ಹೆಚ್ಚಾಗಿ ದೇಶಗಳು ಮನಸ್ಸಿಗೆ ಬಂದಂತೆ ಕೊಡುವ ಸ್ವಯಂ ವಂತಿಗೆಯಿಂದ, ಆದ್ದರಿಂದ ಮೇಲೆ ಹೇಳಿದ ಕಡಿತ ಅಲ್ಲಿಗೂ ಮುಟ್ಟುತ್ತದೆ.

ಕಂಪನಿ ಹಣ, ನಬಾರ್ಡ್

ನಿವ್ವಳ ಮೌಲ್ಯ 500 ಕೋಟಿ, ಇಲ್ಲವೆ ವಹಿವಾಟು 1,000 ಕೋಟಿ, ಇಲ್ಲವೆ ಲಾಭ 5 ಕೋಟಿ ಇರುವ ಕಂಪನಿ ತನ್ನ ಹಿಂದಿನ ಮೂರು ವರ್ಷದ ಸರಾಸರಿ ಲಾಭದ ಶೇ. 2ನ್ನು ಸಮಾಜದ ಕೆಲಸಕ್ಕೆ ಕೊಡಬೇಕು ಎಂಬುದು 2013ರ ಕಂಪನಿ ಕಾಯ್ದೆ. ಇದನ್ನೇ ಎಲ್ಲರೂ ಸಿಎಸ್‌ಆರ್ ಅನ್ನುವುದು. ಪಡೆಯಲು ಸಂಸ್ಥೆಗೆ ಆದಾಯ ತೆರಿಗೆ ಇಲಾಖೆಯ 12ಎ, 80ಜಿ ನೋಂದಣಿ, ಮೂರು ವರ್ಷದ ಅನುಭವ, 2021ರ ಏಪ್ರಿಲ್‌ನಿಂದ ಕಂಪನಿ ವ್ಯವಹಾರಗಳ ಸಚಿವಾಲಯದ ಸಿಎಸ್‌ಆರ್-1 ನೋಂದಣಿ ಬೇಕು. ಎಫ್‌ಸಿಆರ್‌ಎ ಬೇಡ.

ಪಗಾರ ಕೊಡುವ ವಿಷಯದಲ್ಲಿ ವಿದೇಶಿ ದಾನಿಗಿಂತ ಇವರು ಉದಾರಿಗಳೇನಲ್ಲ. ಆದರೆ "ಮುಂದುವರಿಯುವ ಯೋಜನೆ" ಎಂದು ಒಪ್ಪಿಸಿಕೊಂಡರೆ ಶುರುವಾದ ವರ್ಷ ಬಿಟ್ಟು ಮೂರು ವರ್ಷ ನಡೆಸಬಹುದು, ಅದರಲ್ಲಿ ಹೊಲದ ಕಾರ್ಯಕರ್ತರ ಪಗಾರ ಸೇರಿಸಬಹುದು. ಕಾಯ್ದೆ ಕಂಪನಿಯ ಸುತ್ತಲಿನ ಪ್ರದೇಶಕ್ಕೆ ಆದ್ಯತೆ ಕೊಡಲು ಹೇಳುತ್ತದೆ. ಅದಕ್ಕೇ ಧಾರವಾಡದ ಬೇಲೂರು ಕೈಗಾರಿಕಾ ಪ್ರದೇಶದಲ್ಲಿ ಕಾರ್ಖಾನೆ ಇರುವ ಕಂಪನಿಗೆ ಧಾರವಾಡ ತಾಲೂಕಿನ ಕೆಲಸವನ್ನೇ ಹೇಳಿ. ಹಾನಗಲ್ಲಿನ ಕೆಲಸ ಹೇಳಿದರೆ ಕೇಳಿಸಿಕೊಳ್ಳುವುದಿಲ್ಲ. ಇನ್ನೊಂದು ರೋಗ ಇದಕ್ಕಿದೆ. ಫೆಬ್ರುವರಿ ಮುಗಿಯುವಾಗ ಫೋನ್ ಬರುತ್ತದೆ, "ಮಾರ್ಚ್ ಒಳಗೆ ಖರ್ಚು ಮಾಡಬಲ್ಲಿರಾ?" ಎಂದು. ಆಗ ಆಸೆಗೆ ಬಿದ್ದು ಬ್ಯಾಗು, ಡೆಸ್ಕು ಹಂಚಿ ಫೋಟೋ ತೆಗೆಸಿಕೊಂಡರೆ ಮುಂದಿನ ವರ್ಷವೂ ಅಷ್ಟೇ ಸಿಗುತ್ತದೆ. ಜೂನ್-ಜುಲೈಯಲ್ಲಿ, ಅವರ ಸಮಿತಿ ವರ್ಷದ ಯೋಜನೆ ಹಾಕುವಾಗ ಹೋಗಿ.

ಜಲಾನಯನದ ಕೆಲಸಕ್ಕೆ ನಬಾರ್ಡ್, ಅಂದರೆ ರಾಷ್ಟ್ರೀಯ ಕೃಷಿ ಮತ್ತು ಗ್ರಾಮೀಣಾಭಿವೃದ್ಧಿ ಬ್ಯಾಂಕಿನ ನಿಧಿ ಇದೆ. ನಿಧಾನ, ಕಾಗದ ಬಹಳ, ಊರವರ ಶ್ರಮದಾನ ಕೇಳುತ್ತದೆ. ಮೊದಲು ಸಣ್ಣ ತುಂಡು ಭೂಮಿಯಲ್ಲಿ ಮಾಡಿ ತೋರಿಸಿ, ಆಮೇಲೆ ಪೂರ್ತಿ ಎನ್ನುತ್ತದೆ. ನನಗೆ ಅದು ಸರಿ ಎನಿಸುತ್ತದೆ. ಶ್ರಮದಾನಕ್ಕೆ ಬಾರದ ಊರಿನಲ್ಲಿ ಒಡ್ಡು ಎರಡು ಮಳೆಗೆ ಉಳಿಯುವುದಿಲ್ಲ.

ಊರಿನ ರೊಕ್ಕ

ಇದನ್ನು ಹೇಳಿದರೆ ಹುಡುಗರು ನಗುತ್ತಾರೆ. ಆದರೆ ಗದಗದ ಪಕ್ಕದ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಕಟ್ಟಿದ ಸಹಕಾರಿ ಸಂಘವನ್ನು ಏಷ್ಯಾದಲ್ಲೇ ಮೊದಲನೆಯದು ಎನ್ನುತ್ತಾರೆ. ಅದು ಊರಿನ ರೈತರದೇ ದುಡ್ಡು. ಗದಗದ ವೀರೇಶ್ವರ ಪುಣ್ಯಾಶ್ರಮವನ್ನು ನೋಡಿ: ಕಣ್ಣಿಲ್ಲದ ಮಕ್ಕಳಿಗೆ ಊಟ, ವಸತಿ, ಸಂಗೀತ. ಪಂಚಾಕ್ಷರಿ ಗವಾಯಿಗಳು ನಾಟಕ ಕಂಪನಿ ಕಟ್ಟಿ ಅದರ ಗಳಿಕೆಯಿಂದ ನಡೆಸಿದರು. ಪುಟ್ಟರಾಜ ಗವಾಯಿಗಳನ್ನು ಭಕ್ತರು ತುಲಾಭಾರ ಮಾಡಿದಾಗ ಬಂದದ್ದು ಆಶ್ರಮಕ್ಕೆ ಹೋಯಿತು. ಯಾವ ಪಾರ್ಲಿಮೆಂಟಿನ ಮತವೂ ಆ ಮಕ್ಕಳ ಊಟ ನಿಲ್ಲಿಸಲಾರದು.

ಊರಿನ ಹಣಕ್ಕೆ ಅದರದೇ ಒಲವುಗಳಿವೆ, ಅದನ್ನೂ ಮುಚ್ಚಿಡಬಾರದು. ಅನ್ನಕ್ಕೆ, ಗುಡಿಗೆ, ಮಕ್ಕಳ ಓದಿಗೆ ಕೈ ಬಿಚ್ಚುತ್ತದೆ. ದೇವದಾಸಿ ತಾಯಂದಿರ ಹಕ್ಕಿಗೆ, ಕೌಟುಂಬಿಕ ಹಿಂಸೆಯ ಕೇಸಿಗೆ, ಎಚ್‌ಐವಿ ಕೆಲಸಕ್ಕೆ ಬಿಚ್ಚುವುದಿಲ್ಲ. "ಅದೆಲ್ಲ ಯಾಕ ಬೇಕು ನಿಮಗ" ಎನ್ನುತ್ತದೆ. ಹೊರದೇಶದ ಸರಕಾರಗಳ ಹಣ ನಮ್ಮಲ್ಲಿ ಮಾಡಿದ ನಿಜವಾದ ಉಪಕಾರ ಇಂಥ ಕೆಲಸಗಳಲ್ಲಿ. ಅದು ಹೋದಾಗ ಮೊದಲು ನಿಲ್ಲುವುದೂ ಇವೇ. ಅಂಥ ಕೆಲಸ ಮಾಡುವವರಿಗೆ ನಾನು ಹೇಳುವುದು ಬೇರೆ: ನೋಂದಣಿಯನ್ನು ಕಣ್ಣಿನಂತೆ ಕಾಯಿರಿ, ಒಬ್ಬನೇ ದಾನಿಯಿಂದ ಬರುವುದು ಒಟ್ಟು ಹಣದ ಮೂರರಲ್ಲಿ ಒಂದು ಪಾಲು ದಾಟದಂತೆ ನೋಡಿಕೊಳ್ಳಿ. ಈ ಮೂರರಲ್ಲಿ ಒಂದು ಎನ್ನುವುದು ಯಾವ ಪುಸ್ತಕದ್ದೂ ಅಲ್ಲ, ನನ್ನ ಕೈಯ ಅಳತೆ.

ನೆರೆ ಬಂದಾಗ

2019ರ ಆಗಸ್ಟಿನಲ್ಲಿ ಮಲಪ್ರಭೆ ಏರಿ ನರಗುಂದ, ರೋಣ ತಾಲೂಕಿನ ಊರುಗಳಿಗೆ ನೀರು ನುಗ್ಗಿದಾಗ ಅನೇಕರು ನನಗೆ ಫೋನ್ ಮಾಡಿ, "ಹೊರದೇಶದವರು ಏನರ ಕೊಡ್ತಾರೇನ್ರೀ?" ಎಂದಿದ್ದರು. ಸರಕಾರದ ಮಟ್ಟದಲ್ಲಿ ಇಲ್ಲ. 2004ರ ಸುನಾಮಿಯಿಂದ ಭಾರತ, ವಿಪತ್ತಿನಲ್ಲಿ ಹೊರ ಸರಕಾರಗಳ ನೆರವನ್ನು ನಯವಾಗಿ ಬೇಡ ಎನ್ನುತ್ತ ಬಂದಿದೆ. 2018ರ ಕೇರಳದ ಪ್ರವಾಹದಲ್ಲೂ ಹಾಗೇ ಆಯಿತು. 2021ರ ಕೋವಿಡ್ಡಿನಲ್ಲಿ ಮಾತ್ರ ಆಕ್ಸಿಜನ್ ಸಾಮಾನು ತೆಗೆದುಕೊಂಡಿತು.

ನೆರೆಯ ಮೊದಲ ಹಣ ಬರುವುದು ರಾಜ್ಯ ವಿಪತ್ತು ನಿಧಿಯಿಂದ, ಅದರಲ್ಲಿ ಕೇಂದ್ರದ ಪಾಲು ಶೇ. 75, ರಾಜ್ಯದ್ದು 25. ಅದು ತಹಸೀಲ್ದಾರರ ಪಟ್ಟಿಯ ಮೂಲಕ ಬರುತ್ತದೆ. ಸಂಸ್ಥೆಯವರಿಗೆ ಆಗ ದೊಡ್ಡ ಕೆಲಸ, ಪಟ್ಟಿಯಲ್ಲಿ ಹೆಸರು ಬಿಟ್ಟುಹೋದವರನ್ನು ಸೇರಿಸುವುದು: ಬಾಡಿಗೆ ಮನೆಯವರು, ಹೊಲ ಇಲ್ಲದವರು, ಕಾಗದ ನೀರಿನಲ್ಲಿ ಹೋದವರು. ಅದಕ್ಕೆ ಯಾವ ದಾನಿಯ ಹಣವೂ ಬೇಡ, ಓಡಾಡಲು ಒಂದು ಬೈಕು, ಎರಡು ಸಾವಿರದ ಪೆಟ್ರೋಲು ಸಾಕು. ರೊಟ್ಟಿ, ಚಾದರ, ಬಟ್ಟೆ ಹುಬ್ಬಳ್ಳಿಯ ಮಂದಿ ಬೇಕಾದ್ದಕ್ಕಿಂತ ಹೆಚ್ಚೇ ಕಳಿಸುತ್ತಾರೆ.

ಅಂದಹಾಗೆ ಕೊಡುವ ಸಾಲಿನಲ್ಲಿ ಈಗ ನಾವೂ ಇದ್ದೇವೆ. 2025-26ರ ಕೇಂದ್ರ ಬಜೆಟ್ಟಿನಲ್ಲಿ ಬೇರೆ ದೇಶಗಳ ನೆರವಿಗೆ ಎಂದು ಇಟ್ಟದ್ದು 5,483 ಕೋಟಿ ರೂಪಾಯಿ, ಅದರಲ್ಲಿ 2,150 ಕೋಟಿ ಭೂತಾನ್ ಒಂದಕ್ಕೇ. 2023ರಲ್ಲಿ ತುರ್ಕಿಯ ಭೂಕಂಪಕ್ಕೆ, 2025ರಲ್ಲಿ ಮ್ಯಾನ್ಮಾರಿನ ಭೂಕಂಪಕ್ಕೆ ಇಲ್ಲಿಂದ ತಂಡಗಳು ಹೋದವು. 1964ರಿಂದ ಹೊರದೇಶದವರಿಗೆ ಇಲ್ಲಿ ಖರ್ಚು ಕೊಟ್ಟು ತರಬೇತಿ ನಡೆಯುತ್ತಿದೆ. ನಮ್ಮ ಹಣವೂ ಹೆಚ್ಚಾಗಿ ನೆರೆಮನೆಯವರ ಜೊತೆಗಿನ ಸಂಬಂಧ ನೋಡಿ ಹೋಗುತ್ತದೆ. ಅಮೆರಿಕದವರನ್ನು ಬೈಯುವಾಗ ಇದೂ ಒಂದು ಕಡೆ ನೆನಪಿರಲಿ.

ಆ ಏಳು ಮಂದಿ

ಗದಗದ ಆ ಕಾರ್ಯದರ್ಶಿಯ ಜೊತೆ ನಾವು ಮಾಡಿದ ಹಂಚಿಕೆ ಹೀಗಿತ್ತು. ನಾಲ್ವರು ಹೊಲದ ಕಾರ್ಯಕರ್ತರ ಪಗಾರವನ್ನು ಮೂರು ವರ್ಷದ ಸಿಎಸ್‌ಆರ್ ಯೋಜನೆಯೊಳಗೆ ತಂದೆವು. ಅದು ಒಪ್ಪಿಗೆಯಾಗಲು ಐದು ತಿಂಗಳು ಹಿಡಿಯಿತು, ಅಷ್ಟರವರೆಗೆ ಅರ್ಧ ಪಗಾರ. ಒಬ್ಬರ ಪಗಾರವನ್ನು ಮಹಿಳಾ ಸಂಘಗಳ ಒಕ್ಕೂಟ ಹೊತ್ತುಕೊಂಡಿತು. ಅವರ ಪುಸ್ತಕ ಬರೆಯುವವಳು ಅವಳೇ, ಬಿಟ್ಟರೆ ಅವರಿಗೇ ತೊಂದರೆ. ತರಬೇತಿ ಕೇಂದ್ರದ ಕಟ್ಟಡಕ್ಕೆ ಜಪಾನಿನ ಅರ್ಜಿ ಹಾಕಿದ್ದೇವೆ, "ನಡೆಸುವವರು ಯಾರು" ಎಂಬ ಪುಟವನ್ನು ಮೂರು ಸಲ ತಿದ್ದಿ ಬರೆದೆವು. ಇನ್ನೂ ಉತ್ತರ ಬಂದಿಲ್ಲ.

ಇಬ್ಬರು ಬಿಟ್ಟರು. ಅವರಲ್ಲಿ ಒಬ್ಬಾಕಿ ಲಕ್ಷ್ಮೇಶ್ವರದಲ್ಲಿ ಝೆರಾಕ್ಸ್ ಅಂಗಡಿ ಇಟ್ಟಿದ್ದಾಳೆ. ಡಿಸೆಂಬರ್ 31ರ ಒಳಗೆ ಎಫ್‌ಸಿ-4 ರಿಟರ್ನ್, ಅಂದರೆ ಹೊರದೇಶದ ಹಣದ ವಾರ್ಷಿಕ ಲೆಕ್ಕ ತುಂಬಬೇಕು, ಹೊರಗಿನ ಹಣ ಒಂದು ರೂಪಾಯಿ ಬಾರದ ವರ್ಷವೂ ಸೊನ್ನೆ ಎಂದು ತುಂಬಲೇಬೇಕು. ಆ ಕಾಗದಗಳನ್ನು ಅವಳ ಅಂಗಡಿಯಲ್ಲೇ ಸ್ಕ್ಯಾನ್ ಮಾಡಿಸಿದೆವು. ಎಷ್ಟು ಆತು ಅಂದರೆ, "ಇರಲಿ ಬಿಡ್ರಿ ಸರ್" ಅಂದಳು.